ನಾಯಿ ಬಿಟ್ಟು ಕಾಡಿಗೆ

ನವೆಂಬರ್ ಬಂತೆಂದರೆ ನನಗೆ ಭಾನುವಾರಗಳ ಬರ. ನಮ್ಮಲ್ಲಿ ಡಾಗ್ ಶೋಗಳು ಬಹುಪಾಲು ಚಳಿಗಾಲದಲ್ಲೇ ನಡೆಯುತ್ತವೆ. ಎರಡು ಪದರದ ತುಪ್ಪಳ ಹೊತ್ತ ಹಸ್ಕಿಯನ್ನೋ ಸೇಂಟ್ ಬರ್ನಾರ್ಡನ್ನೋ ಏಪ್ರಿಲ್ ಬಿಸಿಲಿನ ಮೈದಾನದಲ್ಲಿ ಓಡಿಸಿದರೆ ಕಪ್ ಕೊಡುವುದಕ್ಕೆ ಮೊದಲು ಡ್ರಿಪ್ ಹಾಕಬೇಕಾದೀತು. ಅದೇ ತಿಂಗಳುಗಳಲ್ಲಿ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಲ್ಲಿ ಇಳಿದಿರುತ್ತವೆ. ನಾಗರಹೊಳೆಯಲ್ಲಿ ಮಂಜು ಕರಗುವ ಹೊತ್ತಿಗೆ ಸೀಳುನಾಯಿಗಳು ಜೀಪಿನ ದಾರಿಗೆ ಬಂದು ಬಿಸಿಲು ಕಾಯಿಸುತ್ತವೆ. ಮೈಸೂರಿನಲ್ಲಿ ಮನೆ ಮಾಡಿಕೊಂಡು ಎರಡೂ ಹುಚ್ಚು ಅಂಟಿಸಿಕೊಂಡವರಿಗೆ ವಾರಕ್ಕೆ ಒಂದೇ ಭಾನುವಾರ ಯಾವ ಮೂಲೆಗೂ ಸಾಲದು.

ಈ ಎರಡು ಗುಂಪಿನವರು ಒಬ್ಬರನ್ನೊಬ್ಬರು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. ಕಾಡಿನ ಗೆಳೆಯರ ಪ್ರಕಾರ ಡಾಗ್ ಶೋ ಎಂದರೆ ಪೌಡರ್ ಹಚ್ಚಿದ ಪ್ರಾಣಿಗಳ ಮದುವೆ ದಿಬ್ಬಣ. ಶೋ ಗೆಳೆಯರ ಪ್ರಕಾರ ಸಫಾರಿ ಎಂದರೆ ದುಡ್ಡು ಕೊಟ್ಟು ಧೂಳು ತಿಂದು, ಮರಳಿ ಬಂದ ಮೇಲೆ ‘ಹುಲಿ ಈಗಷ್ಟೇ ಹೋಯ್ತಂತೆ’ ಎಂದು ಹೇಳಿಕೊಳ್ಳುವುದು. ಎರಡರಲ್ಲೂ ಸ್ವಲ್ಪ ನಿಜವಿದೆ. ಆದರೆ ನನ್ನ ಮಟ್ಟಿಗೆ ಕಾಡಿನಲ್ಲಿ ಪ್ರಾಣಿಯನ್ನು ನೋಡುವುದು ಹೇಗೆಂದು ಕಲಿಸಿದ್ದೇ ಡಾಗ್ ಶೋ ರಿಂಗು. ನಾಯಿಯನ್ನು ಎಲ್ಲಿಗೆ ಕರೆದೊಯ್ಯಬಾರದು ಎಂದು ಕಲಿಸಿದ್ದು ಕಾಡು.

ರಿಂಗಿನ ವಿಚಾರ ಮೊದಲು ಹೇಳಿಬಿಡುತ್ತೇನೆ. ಹೊರಗಿನಿಂದ ನೋಡುವವರಿಗೆ ಅದು ಸೌಂದರ್ಯ ಸ್ಪರ್ಧೆಯ ಹಾಗೆ ಕಾಣುತ್ತದೆ. ಒಳಗೆ ನಡೆಯುವುದು ಬೇರೆ. ಅಲ್ಲಿ ಒಂದು ನಾಯಿಯನ್ನು ಪಕ್ಕದ ನಾಯಿಯೊಂದಿಗೆ ಹೋಲಿಸುವುದು ನಂತರದ ಮಾತು. ಮೊದಲು ಪ್ರತಿ ನಾಯಿಯನ್ನೂ ಆ ತಳಿಯ ‘ಸ್ಟ್ಯಾಂಡರ್ಡ್’ ಎಂಬ ಬರೆದಿಟ್ಟ ವಿವರಣೆಯೊಂದಿಗೆ ಹೋಲಿಸುತ್ತಾರೆ. ತಲೆಬುರುಡೆ ಎಷ್ಟು ಅಗಲವಿರಬೇಕು, ಭುಜದ ಮೂಳೆ ಎಷ್ಟು ಓರೆಯಾಗಿರಬೇಕು, ಬಾಲ ಎಲ್ಲಿಂದ ಹೊರಡಬೇಕು ಎಲ್ಲವೂ ಅದರಲ್ಲಿದೆ. ಹ್ಯಾಂಡ್ಲರ್ ತೋಳಿಗೆ ನಂಬರ್ ಕಟ್ಟಿಕೊಂಡು, ದಾರದಷ್ಟು ತೆಳ್ಳಗಿನ ಲೀಡ್ ಹಿಡಿದು, ಜೇಬಿನಲ್ಲಿ ಬೇಯಿಸಿದ ಲಿವರ್ ಚೂರು ಇಟ್ಟುಕೊಂಡು ಬರುತ್ತಾನೆ. ನಾಯಿಯ ನಾಲ್ಕೂ ಕಾಲುಗಳನ್ನು ಸರಿಯಾಗಿ ಊರಿ ನಿಲ್ಲಿಸುವುದಕ್ಕೆ ‘ಸ್ಟ್ಯಾಕ್’ ಮಾಡುವುದು ಎನ್ನುತ್ತಾರೆ. ಜಡ್ಜ್ ಬಂದು ತುಟಿ ಎತ್ತಿ ಹಲ್ಲು ನೋಡುತ್ತಾರೆ, ಭುಜ ಮುಟ್ಟುತ್ತಾರೆ, ಪಕ್ಕೆಲುಬಿನ ಮೇಲೆ ಕೈಯಾಡಿಸುತ್ತಾರೆ, ಗಂಡಾದರೆ ವೃಷಣಗಳೆರಡೂ ಇಳಿದಿವೆಯೇ ಎಂದು ಪರೀಕ್ಷಿಸುತ್ತಾರೆ. ಆಮೇಲೆ ಓಟ. ನೇರ ಹೋಗಿ ನೇರ ಬಾ, ಇಲ್ಲವೇ ತ್ರಿಕೋನ.

ಓಟ ಎಂದೆ. ಅದು ನಿಜಕ್ಕೂ ಓಟವೂ ಅಲ್ಲದ ನಡಿಗೆಯೂ ಅಲ್ಲದ ‘ಟ್ರಾಟ್’. ಮುಂದಿನ ಎಡಗಾಲಿನ ಜೊತೆ ಹಿಂದಿನ ಬಲಗಾಲು, ಮುಂದಿನ ಬಲಗಾಲಿನ ಜೊತೆ ಹಿಂದಿನ ಎಡಗಾಲು. ಮೂಳೆಯ ಜೋಡಣೆಯಲ್ಲಿ ಏನೇ ಐಬಿದ್ದರೂ ಈ ನಡೆಯಲ್ಲಿ ಹೊರಬೀಳುತ್ತದೆ. ಹೊಸಬರು ಬೇಲಿಯ ಆಚೆ ನಿಂತು ನಾಯಿಯ ಮುಖ ನೋಡುತ್ತಾರೆ. ಹಳಬರು ಹೋಗುವಾಗ ಹಿಂಗಾಲು, ಬರುವಾಗ ಮುಂಗಾಲು, ಪಕ್ಕದಿಂದ ಹಾಯುವಾಗ ಬೆನ್ನಿನ ಗೆರೆ ನೋಡುತ್ತಾರೆ. ಮುಖ ನೋಡುವ ಚಪಲದಿಂದ ಪಾದ ನೋಡುವ ಶಿಸ್ತಿಗೆ ಬರಲು ಕೆಲವು ಚಳಿಗಾಲ ಬೇಕಾಗುತ್ತದೆ. ಒಮ್ಮೆ ಬಂದ ಮೇಲೆ ಅದು ಬಿಟ್ಟು ಹೋಗುವುದಿಲ್ಲ. ಮದುವೆ ಮನೆಯಲ್ಲಿ ನೆಂಟರ ನಡಿಗೆ ನೋಡಿ ಸೊಂಟನೋವು ಯಾರಿಗೆಂದು ಹೇಳುವಷ್ಟು ಕೆಡುತ್ತೀರಿ.

ಈ ಆಟ ಶುರುವಾದದ್ದೂ ಬೇಟೆಯ ಮಗ್ಗುಲಿನಲ್ಲೇ. 1859ರ ಜೂನ್‌ನಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಡೆದ ಪ್ರದರ್ಶನವನ್ನು ಮೊದಲ ಡಾಗ್ ಶೋ ಎಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಬಂದದ್ದು ಪಾಯಿಂಟರ್ ಮತ್ತು ಸೆಟರ್ ಮಾತ್ರ, ಎರಡೂ ಹಕ್ಕಿ ಬೇಟೆಯ ನಾಯಿಗಳು. ಬಹುಮಾನ ಜೋಡಿನಳಿಗೆ ಬಂದೂಕು. ಒಂದು ವಿಭಾಗದ ತೀರ್ಪುಗಾರನ ನಾಯಿ ಇನ್ನೊಂದು ವಿಭಾಗದಲ್ಲಿ ಗೆದ್ದಿತು, ಆ ಇನ್ನೊಂದರ ತೀರ್ಪುಗಾರನ ನಾಯಿ ಇದರಲ್ಲಿ ಗೆದ್ದಿತು! ಇವತ್ತಿಗೂ ಶೋ ಮುಗಿದ ಮೇಲೆ ಪಾರ್ಕಿಂಗ್ ಜಾಗದಲ್ಲಿ ಕೇಳಿಬರುವ ಗೊಣಗಾಟಕ್ಕೆ ಇಷ್ಟು ಹಳೆಯ ವಂಶಾವಳಿ ಇದೆ ಎನ್ನುವುದು ನನಗೆ ಸಮಾಧಾನದ ಸಂಗತಿ. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಹುಟ್ಟಿತು, 1891ರಲ್ಲಿ ಚಾರ್ಲ್ಸ್ ಕ್ರಫ್ಟ್ ತನ್ನ ಹೆಸರಿನ ಪ್ರದರ್ಶನ ತೆರೆದ. ನಮ್ಮ ಕೆನಲ್ ಕ್ಲಬ್ ಆಫ್ ಇಂಡಿಯಾ 1896ರದ್ದು. ಬಂದೂಕು ಹಿಡಿದು ಕಾಡಿಗೆ ಹೋಗುತ್ತಿದ್ದ ಕಾಲದ ಮಗು ಇದು, ಈಗ ಶಾಮಿಯಾನದ ಕೆಳಗೆ ಕೂತಿದೆ.

ರಿಂಗಿನ ಈ ಕಣ್ಣು ಕಾಡಿನಲ್ಲಿ ಏನು ಮಾಡುತ್ತದೆ? ಸೀಳುನಾಯಿಯನ್ನೇ ತೆಗೆದುಕೊಳ್ಳಿ. ಕಬಿನಿ ಹಿನ್ನೀರಿನ ಕಡೆ ದಮ್ಮನಕಟ್ಟೆಯಿಂದ ಹೊರಟ ಜೀಪು ಒಂದು ತಿರುವಿನಲ್ಲಿ ಗುಂಪಿಗೆ ಎದುರಾಯಿತೆನ್ನಿ. ಕ್ಯಾಮೆರಾದವರು ಮುಖಕ್ಕೆ ಫೋಕಸ್ ಮಾಡುತ್ತಾರೆ. ನನ್ನ ಕಣ್ಣು ತನ್ನಷ್ಟಕ್ಕೆ ಮೊಣಕೈಗೆ ಇಳಿಯುತ್ತದೆ. ಹದಿನೈದು ಕಿಲೊ ಆಸುಪಾಸಿನ ಪ್ರಾಣಿ, ನಮ್ಮ ಬೀದಿನಾಯಿಗಿಂತ ಹೆಚ್ಚೇನೂ ಭಾರವಿಲ್ಲ. ಇಟ್ಟಿಗೆ ಬಣ್ಣದ ಮೈ, ಕಪ್ಪು ಕುಚ್ಚಿನ ಬಾಲ, ದುಂಡನೆಯ ಕಿವಿ. ಟ್ರಾಟ್ ಹಿಡಿದರೆ ಬೆನ್ನು ಅಲುಗುವುದಿಲ್ಲ. ಹೆಜ್ಜೆಗಳು ಹತ್ತಿರ ಹತ್ತಿರ ಬಂದು ಒಂದೇ ಗೆರೆಯ ಮೇಲೆ ಬೀಳುತ್ತವೆ, ರಿಂಗಿನವರು ‘ಸಿಂಗಲ್ ಟ್ರ್ಯಾಕಿಂಗ್’ ಎಂದು ಬಾಯ್ತುಂಬ ಹೊಗಳುವ ನಡೆ ಅದು. ಯಾರೂ ಲೀಡ್ ಹಿಡಿದಿಲ್ಲ, ಲಿವರ್ ತೋರಿಸಿಲ್ಲ.

ಅದೇ ಸೀಳುನಾಯಿಯನ್ನು ಜಡ್ಜ್ ಮುಂದೆ ನಿಲ್ಲಿಸಿದರೆ ಹಲ್ಲಿನಲ್ಲೇ ಔಟು. ನಾಯಿಗೂ ತೋಳಕ್ಕೂ 42 ಹಲ್ಲು. ಸೀಳುನಾಯಿಗೆ 40, ಕೆಳದವಡೆಯ ಕೊನೆಯ ದವಡೆಹಲ್ಲು ಎರಡೂ ಕಡೆ ಇಲ್ಲ. ಡಾಬರ್‌ಮನ್ ಸಾಕುವವರನ್ನು ಕೇಳಿ ನೋಡಿ, ಒಂದು ಹಲ್ಲು ಕಡಿಮೆಯಾದರೆ ಅವರ ರಾತ್ರಿಯ ನಿದ್ದೆ ಹೋಗುತ್ತದೆ. ಇಲ್ಲಿ ಇಡೀ ವಂಶವೇ ಹಲ್ಲು ಬಿಟ್ಟುಕೊಟ್ಟು, ಕಡಿದು ಜಗಿಯುವುದಕ್ಕಿಂತ ಕತ್ತರಿಸಿ ನುಂಗುವುದರಲ್ಲಿ ಪಳಗಿದೆ. ಪಕ್ಕದಲ್ಲಿ ಹುಲಿ, ಚಿರತೆ ಇರುವ ಕಾಡಿನಲ್ಲಿ ಊಟ ಬೇಗ ಮುಗಿಸುವವರೇ ಉಳಿಯುತ್ತಾರೆ. ಅದು ನಾಯಿಯ ಪೂರ್ವಜವೂ ಅಲ್ಲ. ನಮ್ಮ ಮನೆ ನಾಯಿಗಳು ಬಂದದ್ದು ಬೂದುತೋಳದ ಕಡೆಯಿಂದ. ಸೀಳುನಾಯಿಯದು ಬಹಳ ಹಿಂದೆಯೇ ಬೇರೆಯಾದ ಮನೆತನ.

ಬ್ರಿಟಿಷರ ಕಾಲದಲ್ಲಿ ಅದರ ತಲೆಗೆ ಇನಾಮು ಇತ್ತು. ಬೇಟೆಗಾರ ದೊರೆಗಳಿಗೆ ತಮ್ಮ ಜಿಂಕೆಯನ್ನು ತಮಗಿಂತ ಮೊದಲು ಕೊಲ್ಲುವ ಕೆಂಪು ನಾಯಿಯೆಂದರೆ ಆಗುತ್ತಿರಲಿಲ್ಲ. ತಮ್ಮ ಪಾಯಿಂಟರ್‌ಗಳಿಗೆ ಊರಿನಲ್ಲಿ ಬಂದೂಕಿನ ಬಹುಮಾನ ಕೊಟ್ಟವರು ಇಲ್ಲಿ ಸೀಳುನಾಯಿ ಕೊಂದವರಿಗೆ ಹಣ ಕೊಟ್ಟರು. 1970ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಎ.ಜೆ.ಟಿ. ಜಾನ್‌ಸಿಂಗ್ ಬಂಡೀಪುರದಲ್ಲಿ ಕೂತು, ನಡೆದು, ಹಿಂಬಾಲಿಸಿ ಸೀಳುನಾಯಿಗಳ ಅಧ್ಯಯನ ಮಾಡಿದ ಮೇಲೆ ಅವುಗಳ ಸಂಸಾರದ ಬಗ್ಗೆ ಲೋಕಕ್ಕೆ ಸರಿಯಾಗಿ ಗೊತ್ತಾಯಿತು. ನಂತರ ನಮ್ಮ ಕೃಪಾಕರ–ಸೇನಾನಿ ಜೋಡಿ ಅದೇ ಕಾಡಿನ ಸೀಳುನಾಯಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಚಿತ್ರ ಮಾಡಿತು. ಅವರ ‘ದಿ ಪ್ಯಾಕ್’ಗೆ 2010ರಲ್ಲಿ ಗ್ರೀನ್ ಆಸ್ಕರ್ ಎನ್ನುವ ಪಾಂಡಾ ಪ್ರಶಸ್ತಿ ಬಂತು. ಬೇಟೆ ಮುಗಿದ ಮೇಲೆ ಮರಿಗಳಿಗೆ ಮೊದಲು ಬಾಯಿ ಹಾಕಲು ಬಿಟ್ಟು ದೊಡ್ಡವು ಸುತ್ತ ನಿಲ್ಲುವ ಪದ್ಧತಿ ಅವುಗಳಲ್ಲಿದೆ. ‘ಮಕ್ಕಳು ಮೊದಲು’ ಎನ್ನುವ ನಮ್ಮ ಪಂಕ್ತಿಭೋಜನಗಳಲ್ಲಿ ಏನಾಗುತ್ತದೆಂದು ನಿಮಗೂ ಗೊತ್ತು.

ತೋಳದ ಕತೆ ಇನ್ನೂ ತಮಾಷೆ. ತೋಳದ ಎದೆ ಕಿರಿದು, ಮೊಣಕೈ ಒಳಗೆ ಒತ್ತಿಕೊಂಡಿರುತ್ತದೆ, ಮುಂಪಾದಗಳು ಸ್ವಲ್ಪ ಹೊರಕ್ಕೆ ತಿರುಗಿರುತ್ತವೆ. ಹಾಗಿರುವುದರಿಂದಲೇ ಮುಂಗಾಲು ಊರಿದ ಗೆರೆಯಲ್ಲೇ ಹಿಂಗಾಲೂ ಬಂದು ಬೀಳುತ್ತದೆ, ರಾತ್ರಿಯಿಡೀ ಸುಸ್ತಿಲ್ಲದೆ ನಡೆಯಬಹುದು. ರಿಂಗಿನಲ್ಲಿ ಹೊರಕ್ಕೆ ತಿರುಗಿದ ಪಾದಕ್ಕೆ ‘ಈಸ್ಟ್–ವೆಸ್ಟ್ ಫ್ರಂಟ್’ ಎಂದು ಹೆಸರು. ಹೆಚ್ಚಿನ ತಳಿಗಳಲ್ಲಿ ಅದು ದೋಷ. ಎಲ್ಲ ನಾಯಿಗಳ ಮೂಲಪುರುಷ ಬಂದು ನಿಂತರೂ ನಮ್ಮ ಜಡ್ಜ್‌ಗಳು ಸಾಲಿನ ಕೊನೆಗೆ ಕಳಿಸುತ್ತಾರೆ ಎಂದು ಒಮ್ಮೆ ಹಿರಿಯ ಬ್ರೀಡರೊಬ್ಬರ ಮುಂದೆ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು, ‘ಕಳಿಸಲೇಬೇಕಲ್ಲ, ಅದು ಎಂಟ್ರಿ ಫೀಸ್ ಕಟ್ಟಿಲ್ಲ’ ಎಂದರು.

ನಗೆಯ ಆಚೆ ಒಂದು ಗಂಭೀರ ಪ್ರಶ್ನೆ ಉಂಟು. ಸ್ಟ್ಯಾಂಡರ್ಡ್ ಬರೆದವರು ಕೆಲಸಕ್ಕೆ ಬೇಕಾದ ಮೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರು. ಕೆಲಸ ಹೋದ ಮೇಲೆ ಅಕ್ಷರ ಉಳಿಯಿತು, ಅಕ್ಷರವನ್ನು ಎಳೆದು ಎಳೆದು ಕೆಲವು ತಳಿಗಳ ಮೂಗೇ ಮಾಯವಾಯಿತು, ಕೆಲವುಗಳ ಬೆನ್ನು ಜಾರುಬಂಡೆಯಾಯಿತು. 2008ರಲ್ಲಿ ಬಿಬಿಸಿ ಈ ಬಗ್ಗೆ ಸಾಕ್ಷ್ಯಚಿತ್ರವೊಂದನ್ನು ತೋರಿಸಿದ ಮೇಲೆ ಕ್ರಫ್ಟ್ಸ್ ಪ್ರಸಾರವನ್ನೇ ಕೈಬಿಟ್ಟಿತು. 2012ರ ಕ್ರಫ್ಟ್ಸ್‌ನಲ್ಲಿ, ಆರೋಗ್ಯದ ಆತಂಕವಿದ್ದ 15 ತಳಿಗಳ ವಿಜೇತರನ್ನು ಪಶುವೈದ್ಯರು ಮತ್ತೆ ಪರೀಕ್ಷಿಸುವ ನಿಯಮ ಬಂತು. ಪೆಕಿನೀಸ್, ಬುಲ್‌ಡಾಗ್ ಸೇರಿ ಆರು ತಳಿಗಳ ‘ಬೆಸ್ಟ್ ಆಫ್ ಬ್ರೀಡ್’ ಪಟ್ಟ ಅಲ್ಲೇ ಬಿದ್ದುಹೋಯಿತು. ಶೋ ಜನ ಇವತ್ತಿಗೂ ಆ ವರ್ಷದ ಮಾತು ಬಂದರೆ ಎರಡು ಪಂಗಡವಾಗುತ್ತಾರೆ. ನಾನು ವೈದ್ಯರ ಪಂಗಡ. ಉಸಿರಾಡಲು ಕಷ್ಟಪಡದ ಸೀಳುನಾಯಿಯನ್ನು ಒಮ್ಮೆ ಓಡುವಾಗ ನೋಡಿದವರು ಬೇರೆ ಪಂಗಡಕ್ಕೆ ಹೋಗುವುದು ಹೇಗೆ?

ಅಂದಮಾತ್ರಕ್ಕೆ ಕಾಡಿನವರೇನೂ ಸಾಚಾ ಅಲ್ಲ. ಸಫಾರಿ ಗೇಟಿನಲ್ಲಿ ಹುಲಿಗಳಿಗೆ ಹೆಸರಿಟ್ಟು, ಯಾವ ಗಂಡಿನ ಭುಜ ದೊಡ್ಡದು, ಯಾವ ಹೆಣ್ಣಿನ ಮುಖ ಲಕ್ಷಣ ಎಂದು ವಾದಿಸುವುದನ್ನು ಕೇಳಿದಾಗ ‘ಬೆಸ್ಟ್ ಇನ್ ಶೋ’ ರಿಂಗಿನಲ್ಲೇ ನಿಂತಿದ್ದೇನೆ ಅನ್ನಿಸುತ್ತದೆ. ಒಂದು ಹುಲಿಗೆ ಸಾಲುಗಟ್ಟಿದ ಜೀಪುಗಳು ಮರಕುಟುಕಕ್ಕೆ ನಿಲ್ಲುವುದಿಲ್ಲ. ಗುಳ್ಳೆನರಿ ಕಂಡರೆ ಡ್ರೈವರ್ ವೇಗ ಕಡಿಮೆ ಮಾಡುವುದೂ ಇಲ್ಲ. ಡಾಗ್ ಶೋನಲ್ಲಿ ಕನಿಷ್ಠ ಪಕ್ಷ ತಳಿಗಳ ಎಲ್ಲ ಹತ್ತು ಗ್ರೂಪ್‌ಗಳಿಗೂ ಸರದಿ ಬರುತ್ತದೆ.

ಹತ್ತನೆಯ ಗ್ರೂಪು ನನ್ನದು. ಸೈಟ್‌ಹೌಂಡ್, ಅಂದರೆ ವಾಸನೆಗಿಂತ ನೋಟದಿಂದ ಬೇಟೆ ಹಿಡಿಯುವ ನಾಯಿಗಳು. ಗ್ರೇಹೌಂಡ್, ಸಲೂಕಿ, ಆಫ್ಘನ್ ಇವೆಲ್ಲ ಆ ಮನೆಯವರು. ನಮ್ಮ ಮುಧೋಳ ನಾಯಿಯೂ ಅದೇ ಮನೆಯದು.

ಬಾಗಲಕೋಟೆ ಜಿಲ್ಲೆಯ ಮುಧೋಳಕ್ಕೆ ಹೋದವರು ಕವಿ ರನ್ನನ ಊರೆಂದು ಒಮ್ಮೆ ಕೈಮುಗಿದು, ಕಬ್ಬಿನ ಗಾಡಿಗಳ ನಡುವೆ ದಾರಿ ಮಾಡಿಕೊಂಡು ನಾಯಿ ಸಾಕುವವರ ಅಂಗಳಕ್ಕೆ ಬರಬೇಕು. ಶೋನಲ್ಲಿ ಶಾಂಪೂ ಹಾಕಿದ ಮುಧೋಳ ನೋಡಿದವರಿಗೆ ಅಂಗಳದ ಮುಧೋಳ ಬೇರೆಯೇ ಪ್ರಾಣಿ. ಎರಡೂಕಾಲು ಅಡಿಯ ಆಸುಪಾಸಿನ ಎತ್ತರ, ಉದ್ದ ಮೂತಿ, ಆಳವಾದ ಎದೆ, ಬೆನ್ನಿಗೆ ಹತ್ತಿಕೊಂಡ ಹೊಟ್ಟೆ. ಅಪರಿಚಿತರು ಮುಟ್ಟಿದರೆ ಮೈ ಸಂಕೋಚ. ಪರದೇಶದ ಜಡ್ಜ್‌ಗಳು ಬಂದಾಗ ಇದೇ ತಾಪತ್ರಯ. ಅವರು ಪ್ರೀತಿಯಿಂದ ಕೈ ಚಾಚುತ್ತಾರೆ, ನಾಯಿ ಮರ್ಯಾದೆಯಿಂದ ಹಿಂದೆ ಸರಿಯುತ್ತದೆ. ಲ್ಯಾಬ್ರಡಾರ್‌ಗೆ ಜಗತ್ತೆಲ್ಲ ಬಂಧುಬಳಗ, ಮುಧೋಳಕ್ಕೆ ಮನೆಮಂದಿ ಮಾತ್ರ.

ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಅವರು ಬೇಡರ ಬಳಿ ಈ ನಾಯಿಗಳನ್ನು ಕಂಡು ಬೆಳೆಸಿದರು, ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಉಡುಗೊರೆಯಾಗಿ ಕೊಟ್ಟರು ಎಂಬುದು ಊರಿನಲ್ಲಿ ಮಗುವಿಗೂ ಗೊತ್ತು. ಅಂಚೆ ಇಲಾಖೆ 2005ರಲ್ಲಿ ನಾಲ್ಕು ಭಾರತೀಯ ನಾಯಿಗಳ ಅಂಚೆಚೀಟಿ ತಂದಾಗ ಮುಧೋಳವೂ ಅದರಲ್ಲಿತ್ತು. ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. 2016ರಲ್ಲಿ ಅಲ್ಲಿನ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ಮೊದಲ ಬಾರಿಗೆ ದೇಶಿ ನಾಯಿತಳಿಗಳನ್ನು ನೋಂದಾಯಿಸಿದಾಗ ತಮಿಳುನಾಡಿನ ರಾಜಪಾಳಯಂ, ಚಿಪ್ಪಿಪಾರೈ ಜೊತೆ ಕರ್ನಾಟಕದಿಂದ ಮುಧೋಳ ಸೇರಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ರೇಡಿಯೊ ಮಾತಿನಲ್ಲಿ ಹೆಸರು ಹೇಳಿದ ಮೇಲಂತೂ ಮರಿಗಳ ದರ ಹಾಗೂ ಮರಿ ಕೇಳುವವರ ಫೋನು ಎರಡೂ ಏರಿದವು. ಇಷ್ಟಾದರೂ ಕೆನಲ್ ಕ್ಲಬ್ ಆಫ್ ಇಂಡಿಯಾದ ಶೋ ಕ್ಯಾಟಲಾಗ್‌ನಲ್ಲಿ ಮುಧೋಳ ಎಂದು ಹುಡುಕಿದರೆ ಸಿಗುವುದಿಲ್ಲ, ಅಲ್ಲಿ ಅದು ಕ್ಯಾರವಾನ್ ಹೌಂಡ್. ಬಾಗಲಕೋಟೆಯಿಂದ ಬಂದವರು ರಿಂಗಿನ ಪಕ್ಕದಲ್ಲಿ ಈ ಕಾರಣಕ್ಕೆ ಜಗಳ ತೆಗೆಯುವುದನ್ನು ನೋಡಿದ್ದೇನೆ, ಮನಸ್ಸಿನಲ್ಲೇ ಅವರ ಪರ ವೋಟು ಹಾಕಿದ್ದೇನೆ.

ಈಗ ಮುಖ್ಯವಾದ ಮಾತು. ಈ ನಾಯಿಯ ಮೈ ಇಷ್ಟು ಚೆಂದ ಆದದ್ದು ಯಾತಕ್ಕೆ? ಮೊಲ, ಚಿಂಕಾರ, ಕೃಷ್ಣಮೃಗಗಳನ್ನು ಬಯಲಿನಲ್ಲಿ ಅಟ್ಟುವುದಕ್ಕೆ. ಅದರ ಎದೆಯ ಆಳ, ಸೊಂಟದ ಬಳುಕು, ನಾಲ್ಕೂ ಕಾಲು ಒಂದೇ ಹೆಜ್ಜೆಚಕ್ರದಲ್ಲಿ ಎರಡು ಸಲ ನೆಲ ಬಿಟ್ಟು ಹಾರುವ ಗ್ಯಾಲಪ್ ಎಲ್ಲವನ್ನೂ ತಿದ್ದಿದ ಶಿಲ್ಪಿ ಎದುರಿಗೆ ಓಡುತ್ತಿದ್ದ ಆ ಸಣ್ಣ ಜಿಂಕೆ. ಆ ಜಿಂಕೆ ಎಲ್ಲಿದೆ? ಬಹಳ ದೂರ ಹೋಗಬೇಕಿಲ್ಲ. ಅದೇ ಮುಧೋಳ ಮತ್ತು ಬೀಳಗಿ ತಾಲ್ಲೂಕುಗಳ ಕಲ್ಲುಗುಡ್ಡದ ಕುರುಚಲಿನಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮವಿದೆ, ಸುಮಾರು 96 ಚದರ ಕಿಲೊಮೀಟರ್. ಬೇಟೆಗಾರ ನಾಯಿಯ ತವರು ಮತ್ತು ಅದರ ಬೇಟೆಯ ಕೊನೆಯ ಆಸರೆಗಳಲ್ಲೊಂದು ಒಂದೇ ತಾಲ್ಲೂಕಿನ ನಕ್ಷೆಯಲ್ಲಿ! ಎರಡನ್ನೂ ನೋಡಲು ಒಂದೇ ಪ್ರಯಾಣ ಸಾಕು, ಆದರೆ ಎರಡನ್ನೂ ಒಟ್ಟಿಗೆ ನೋಡಬಾರದು.

ಯಡಹಳ್ಳಿಗೆ ಹೋಗುವವರು ನಾಗರಹೊಳೆಯ ಹಸಿರು ನಿರೀಕ್ಷಿಸಬಾರದು. ಕೆಂಪು ಕಲ್ಲು, ಮುಳ್ಳುಕಂಟಿ, ಒಣಹುಲ್ಲು, ಮೇಲೆ ನಿರ್ದಾಕ್ಷಿಣ್ಯ ಆಕಾಶ. ಚಿಂಕಾರ ಆ ಬಣ್ಣದಲ್ಲಿ ಕರಗಿರುತ್ತದೆ. ಹೆಚ್ಚೆಂದರೆ ಎರಡಡಿ ಚಿಲ್ಲರೆ ಎತ್ತರ, ಇಪ್ಪತ್ತು ಕಿಲೊಗಿಂತ ಸ್ವಲ್ಪ ಮೇಲೆ. ಅಂದರೆ ಹೆಚ್ಚು ಕಡಿಮೆ ಮುಧೋಳ ನಾಯಿಯದೇ ಅಳತೆ. ಹೆಣ್ಣಿಗೂ ಕೋಡುಂಟು, ಗಂಡಿನದಕ್ಕಿಂತ ಚಿಕ್ಕದು. ದಿನಗಟ್ಟಲೆ ನೀರಿಲ್ಲದೆ ಎಲೆಯ ತೇವದಲ್ಲೇ ಬದುಕಬಲ್ಲ ಜಾತಿ. ನಿಂತಲ್ಲಿ ಬಾಲ ಪಟಪಟ ಆಡಿಸುವುದೇ ಅದರ ಸುಳಿವು. ಓಟ ಶುರುವಾದರೆ ಮೊದಲ ನೆಗೆತದಲ್ಲೇ ನನಗೆ ನಮ್ಮ ಮನೆಯ ಹೆಣ್ಣುನಾಯಿ ನೆನಪಾಗುತ್ತದೆ. ಬೆನ್ನು ಬಿಲ್ಲಾಗಿ ಬಾಗಿ ಬಿಚ್ಚುವ ರೀತಿ ಅಷ್ಟು ಒಂದೇ. ಓಡಿಸಿದವರೂ ಓಡಿದವರೂ ತಲೆಮಾರುಗಟ್ಟಲೆ ಒಬ್ಬರನ್ನೊಬ್ಬರು ತಿದ್ದಿದ್ದಾರೆ. ಇದನ್ನು ಕಾಣಲು ಡಾಗ್ ಶೋ ಕಣ್ಣು ಬೇಕಾಯಿತು ಎನ್ನುವುದೇ ನನ್ನ ಅಹಂಕಾರ.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಓಟಕ್ಕೆ ಕಾನೂನಿನ ತೆರೆ ಬಿತ್ತು. ಬೀಳಬೇಕಿತ್ತು. ‘ಬೇಟೆ ಬಿಟ್ಟರೆ ತಳಿ ಕೆಡುತ್ತದೆ’ ಎನ್ನುವ ಹಳೆಯ ಹುಲಿಗಳು ಈಗಲೂ ಇದ್ದಾರೆ. ಅವರ ಮಾತಿನಲ್ಲಿ ತಳಿವಿಜ್ಞಾನದ ಮಟ್ಟಿಗೆ ತಿರುಳಿದೆ, ಕೆಲಸವಿಲ್ಲದ ತಳಿ ಅಲಂಕಾರವಾಗುತ್ತದೆ ಎಂದು ಮೇಲೆ ನಾನೇ ಬರೆದೆ. ಆದರೆ ಉತ್ತರ ಚಿಂಕಾರದ ಬೆನ್ನಿನಲ್ಲಿಲ್ಲ. ಪ್ಲಾಸ್ಟಿಕ್ ಚೂರನ್ನು ಯಂತ್ರದ ದಾರಕ್ಕೆ ಕಟ್ಟಿ ಎಳೆಯುವ ಲೂರ್ ಕೋರ್ಸಿಂಗ್‌ನಲ್ಲಿ ಹೌಂಡುಗಳು ಜೀವಬಿಟ್ಟು ಓಡುತ್ತವೆ. ಹೊರದೇಶಗಳಲ್ಲಿ ಸೈಟ್‌ಹೌಂಡ್‌ಗಳಿಗೆ ಅದೇ ಪರೀಕ್ಷೆ. ನಮ್ಮ ಶೋಗಳ ಮೈದಾನದ ಒಂದು ಮೂಲೆಯಲ್ಲಿ ಇದನ್ನು ನಡೆಸುವುದು ಯಾಕೆ ಅಪರೂಪವಾಗಿದೆಯೋ, ಆಹಾರ ಮಳಿಗೆಗಳಿಗೆ ಮಾತ್ರ ಯಾವಾಗಲೂ ಜಾಗವಿರುತ್ತದೆ.

ನಾಯಿ ಮತ್ತು ಕಾಡು ಎಂದಾಗ ನಾಯಿಪ್ರೇಮಿಗಳು ಬಾಯಿ ಮುಚ್ಚಿಕೊಳ್ಳುವ ವಿಷಯವೊಂದಿದೆ. ಕಾಡಂಚಿನ ನಾಯಿ. ಅದು ಬೀದಿಯದಾಗಿರಬಹುದು, ತೋಟದ ಕಾವಲಿನದಾಗಿರಬಹುದು, ಲಾಕ್‌ಡೌನ್‌ನಲ್ಲಿ ಮುದ್ದಾಗಿ ತಂದು ಆಮೇಲೆ ಕಾರಿನಿಂದ ಇಳಿಸಿಹೋದ ಪೆಡಿಗ್ರೀ ನಾಯಿಯೂ ಆಗಿರಬಹುದು. ಗುಂಪು ಕಟ್ಟಿಕೊಂಡು ಜಿಂಕೆಮರಿ ಅಟ್ಟುವುದು, ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳ ಗೂಡು ಹಾಳುಮಾಡುವುದು ಕಣ್ಣಿಗೆ ಕಾಣುವ ಹಾನಿ. ಕಾಣದ್ದು ಡಿಸ್ಟೆಂಪರ್. ಮರಿಗೆ ಮೊದಲ ಲಸಿಕೆ ಹಾಕಿಸುವಾಗ ಚೀಟಿಯಲ್ಲಿ ‘ಡಿ’ ಎಂದು ಮೊದಲ ಅಕ್ಷರದಲ್ಲಿರುತ್ತದಲ್ಲ, ಅದೇ. 1994ರಲ್ಲಿ ಸೆರೆಂಗೆಟಿಯ ಸಿಂಹಗಳಲ್ಲಿ ಮೂರನೇ ಒಂದು ಭಾಗವನ್ನು ಈ ವೈರಸ್ ತೆಗೆದುಕೊಂಡು ಹೋಯಿತು. 2018ರಲ್ಲಿ ಗಿರ್‌ನ ಸಿಂಹಗಳ ಸರಣಿ ಸಾವಿನಲ್ಲೂ ಅದರ ಕೈವಾಡ ಸಿಕ್ಕಿತು. ಸೀಳುನಾಯಿ, ತೋಳ, ನರಿಗಳಿಗಂತೂ ಅದು ಮನೆಯ ರೋಗವೇ.

ವನ್ಯಜೀವಿ ಕಾಯ್ದೆಯ 33ಎ ಕಲಮು ಅಭಯಾರಣ್ಯದ ಐದು ಕಿಲೊಮೀಟರ್ ಒಳಗಿನ ಜಾನುವಾರುಗಳಿಗೆ ಲಸಿಕೆ ಹಾಕಿಸಬೇಕೆನ್ನುತ್ತದೆ. ಜಾನುವಾರು ಎಂದರೇನೆಂದು ಅದೇ ಕಾಯ್ದೆ ಕೊಡುವ ಪಟ್ಟಿಯಲ್ಲಿ ಎಮ್ಮೆ, ಕತ್ತೆ, ಕುರಿಗಳಿಂದ ಹಿಡಿದು ಬಾತುಕೋಳಿಯವರೆಗೆ ಹೆಸರುಗಳಿವೆ. ನಾಯಿಯ ಹೆಸರಿಲ್ಲ. ಶೋ ಜನರಿಗೆ ಈ ವಿಚಾರದಲ್ಲಿ ಯಾರೂ ಪಾಠ ಹೇಳಬೇಕಿಲ್ಲ. ಮನೆಯಲ್ಲಿ ಎಳೆಮರಿಗಳಿದ್ದರೆ ಶೋನಿಂದ ಬಂದ ಬ್ರೀಡರ್ ಗೇಟಿನ ಹೊರಗೇ ಚಪ್ಪಲಿ ಬಿಟ್ಟು, ಬಟ್ಟೆ ಬದಲಿಸಿ, ಕೈಕಾಲು ತೊಳೆದು ಒಳಗೆ ಬರುತ್ತಾನೆ. ಪಾರ್ವೊ, ಡಿಸ್ಟೆಂಪರ್‌ಗಳ ಭಯ ಅವನ ಎಲುಬಿನಲ್ಲಿದೆ. ಅದೇ ಮನುಷ್ಯ ಎರಡು ದಿನ ಬಿಟ್ಟು ನಾಯಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಕಾಡಂಚಿನ ಹೋಮ್‌ಸ್ಟೇಗೆ ಹೋಗಿ, ಹೊಳೆದಂಡೆಯಲ್ಲಿ ಲೀಡ್ ಬಿಚ್ಚಿ ಫೋಟೊ ತೆಗೆಸುತ್ತಾನೆ. ತನ್ನ ಮರಿಗಳಿಗೆ ಇದ್ದ ಗೇಟು ಸೀಳುನಾಯಿಯ ಮರಿಗಳಿಗೂ ಉಂಟೆಂದು ಅವನಿಗೆ ಹೊಳೆಯುವುದಿಲ್ಲ. ಕೇಳಿದರೆ, ‘ನಮ್ಮದಕ್ಕೆ ಎಲ್ಲ ವ್ಯಾಕ್ಸಿನ್ ಆಗಿದೆ’ ಎನ್ನುತ್ತಾನೆ. ಆಗಿರಬಹುದು. ಹೊಳೆದಂಡೆಯ ಕಾಡುಕೋಳಿಗೆ ಅದರ ಸರ್ಟಿಫಿಕೇಟ್ ಓದಲು ಬರುವುದಿಲ್ಲವಲ್ಲ.

ನಾಯಿಯೂ ಕಾಡಿಗೆ ತೆರಿಗೆ ಕಟ್ಟುತ್ತದೆ. ಮಹಾರಾಷ್ಟ್ರದ ಅಕೋಲೆ ಎಂಬಲ್ಲಿ ಕಬ್ಬಿನ ಗದ್ದೆಗಳ ಚಿರತೆಗಳ ಹಿಕ್ಕೆ ಪರೀಕ್ಷಿಸಿದ ಅಧ್ಯಯನದಲ್ಲಿ, ಅವು ತಿಂದ ಆಹಾರದ ತೂಕದಲ್ಲಿ ಶೇ 39ರಷ್ಟು ನಾಯಿಯದೇ ಎಂದು ಗೊತ್ತಾಗಿತ್ತು. ಮೈಸೂರು ಸುತ್ತಿನ ಹಳ್ಳಿಗಳಲ್ಲೂ ಚಿರತೆ ಹೊತ್ತೊಯ್ದ ನಾಯಿಯ ಕತೆ ಹೊಸತಲ್ಲ. ಊರಲ್ಲಿ ನಾಯಿ ಹೆಚ್ಚಾದಷ್ಟೂ ಚಿರತೆ ಊರಿಗೆ ಹತ್ತಿರ, ಚಿರತೆ ಹತ್ತಿರವಾದಷ್ಟೂ ಬೋನು ಹತ್ತಿರ.

ತೋಳದ ವಿಷಯದಲ್ಲಿ ಅಪಾಯ ಬೇರೆ ತರಹದ್ದು. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮ ಇದೆ. 1974ರಷ್ಟು ಹಿಂದೆಯೇ ಮೇಲುಕೋಟೆಯ ಕಾಡನ್ನು ತೋಳಕ್ಕಾಗಿ ಕಾದಿರಿಸಿದ ನಾಡು ನಮ್ಮದು. ಆದರೆ ತೋಳ ಮತ್ತು ನಾಯಿ ಕೂಡಿದರೆ ಮರಿಗಳಾಗುತ್ತವೆ, ಆ ಮರಿಗಳಿಗೂ ಮರಿಗಳಾಗುತ್ತವೆ. ಪುಣೆಯ ಹತ್ತಿರ ಕಂಡ ವಿಚಿತ್ರ ಬಣ್ಣದ ತೋಳಗಳು ಸಂಕರವೇ ಹೌದೆಂದು 2023ರಲ್ಲಿ ವಂಶವಾಹಿ ಪರೀಕ್ಷೆ ಹೇಳಿತು. ಭಾರತದಲ್ಲಿ ತೋಳಗಳ ಸಂಖ್ಯೆ ಮೂರು ಸಾವಿರದ ಆಸುಪಾಸು ಎಂದು ಅಂದಾಜು. ಬೀದಿನಾಯಿಗಳ ಎದುರು ಅದು ಯಾವ ಲೆಕ್ಕ? ಶೋ ಜಗತ್ತಿನಲ್ಲಿ ಒಂದು ಹೆಣ್ಣುನಾಯಿ ಗೇಟು ಹಾರಿ ಬೀದಿಯ ಗಂಡಿನೊಂದಿಗೆ ಹೋದರೆ ಆ ಮನೆಯಲ್ಲಿ ವಾರಗಟ್ಟಲೆ ಸೂತಕ. ರಕ್ತಶುದ್ಧಿಯ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವವರು ಬಯಲಿನ ತೋಳದ ರಕ್ತಕ್ಕೂ ಒಂದು ಸ್ಟಡ್‌ಬುಕ್ ಉಂಟೆಂದು ಒಪ್ಪಿದರೆ ಅರ್ಧ ಕೆಲಸ ಆದಂತೆ.

ಹೀಗೆ ಬರೆಯುತ್ತಾ ಹೋದರೆ ನಾಯಿದ್ವೇಷಿಗಳು ಚಪ್ಪಾಳೆ ತಟ್ಟುತ್ತಾರೆ, ಅವರಿಗೆ ಈ ಲೇಖನ ಅಲ್ಲ. ನಾಯಿಯನ್ನು ವಿಷವಿಟ್ಟು ಕೊಲ್ಲುವವರು ಆ ವಿಷದಲ್ಲೇ ರಣಹದ್ದು, ನರಿ, ಕತ್ತೆಕಿರುಬಗಳನ್ನೂ ಮುಗಿಸುತ್ತಾರೆ. ಸಂತಾನಹರಣ, ಲಸಿಕೆ, ಕಾಡಂಚಿನ ಹಳ್ಳಿಯಲ್ಲಿ ಮಾಂಸದಂಗಡಿಯ ಕಸ ಮುಚ್ಚುವುದು, ಸಾಕಿದವರು ಕಟ್ಟಿ ಸಾಕುವುದು, ಬೇಸರದ ಕೆಲಸಗಳೇ ಎಲ್ಲ. ಕಾಡಿನ ನಡುವೆ ಕೂತು ಬರೆದ ಪೂರ್ಣಚಂದ್ರ ತೇಜಸ್ವಿಯವರ ಪುಟಗಳಲ್ಲಿ ಕಿವಿ ಎಂಬ ನಾಯಿ ಓಡಾಡಿಕೊಂಡಿದೆ. ಅದನ್ನು ಓದಿ ಬೆಳೆದ ನಮ್ಮ ತಲೆಮಾರಿಗೆ ನಾಯಿ, ಕಾಡು, ಮನುಷ್ಯ ಮೂವರೂ ಒಂದೇ ಚಿತ್ರದಲ್ಲಿ ಇರುವುದು ಸಹಜ ಅನ್ನಿಸುತ್ತದೆ. ಆ ಕಾಡು ದೊಡ್ಡದಿತ್ತು, ಊರು ಚಿಕ್ಕದಿತ್ತು. ಈಗ ಲೆಕ್ಕ ತಿರುಗಿದೆ. ಹಾಗಾಗಿ ನಾನು ಕಾಡಿಗೆ ಹೊರಟ ದಿನ ನಮ್ಮ ಮುಧೋಳ ಹೆಣ್ಣು ಮನೆಯಲ್ಲೇ ಇರುತ್ತದೆ. ಬೂಟು ತೆಗೆದ ಕೂಡಲೇ ಅದಕ್ಕೆ ಗೊತ್ತಾಗುತ್ತದೆ. ಶೋ ದಿನದ ಪಾಲಿಶ್ ಬೂಟಾದರೆ ಬಾಗಿಲಿಗೆ ಓಡುತ್ತದೆ, ಕ್ಯಾನ್ವಾಸ್ ಬೂಟಾದರೆ ಸೋಫಾ ಹತ್ತಿ ಬೆನ್ನು ತಿರುಗಿಸುತ್ತದೆ.

ಕಳೆದ ಸಲ ಯಡಹಳ್ಳಿಯ ಕಡೆ ಹೋದಾಗ ಕುರಿ ಮೇಯಿಸುವ ಒಬ್ಬಾತ ಸಿಕ್ಕ. ಜೊತೆಗೆ ತಿಳಿಕಂದು ಬಣ್ಣದ ಗಂಡು ಮುಧೋಳ. ಭುಜದ ಓರೆ, ತೊಡೆಯ ಕಟ್ಟು, ಕತ್ತಿನ ಇಳಿತ, ಶೋಗಳಲ್ಲಿ ಅಂಥದ್ದು ನೋಡಿ ಬಹಳ ಕಾಲವಾಗಿತ್ತು. ಅದರ ಕೊರಳಿಗೆ ಮುಂಗಾಲುಗಳ ನಡುವೆ ತೂಗುವಂತೆ ಮರದ ಕೊರಡೊಂದನ್ನು ಕಟ್ಟಿದ್ದ. ನಡೆಯಬಹುದು, ಓಡಲು ಹೋದರೆ ಮೊಣಕಾಲಿಗೆ ಬಡಿಯುತ್ತದೆ. ‘ಚಿಗರಿ ಕಂಡ್ರ ಇದು ಮಾತು ಕೇಳಂಗಿಲ್ರೀ, ಫಾರೆಸ್ಟ್‌ನವ್ರು ಬೈತಾರ’ ಎಂದ. ಕೊರಡು ಉಜ್ಜಿ ಉಜ್ಜಿ ಎದೆಯ ಮೇಲೆ ಅಂಗೈಯಗಲ ಕೂದಲು ಹೋಗಿ ಚರ್ಮ ದಪ್ಪಗಟ್ಟಿತ್ತು. ಈ ನಾಯಿಯನ್ನು ಶೋಗೆ ತಂದರೆ ಖಂಡಿತ ಗೆಲ್ಲುತ್ತದೆ, ಎಂಟ್ರಿ ಫೀಸು, ಬಂದುಹೋಗುವ ಖರ್ಚು ನನ್ನದು ಎಂದೆ. ಎದೆಯ ಮೇಲಿನ ಆ ಗಾಯದ ಗುರುತಿಗೆ ಜಡ್ಜ್ ಏನನ್ನುತ್ತಾರೆ ಎಂದು ಕೇಳಿದ. ಕೂದಲು ಬೆಳೆದ ಮೇಲೆ ತರಬೇಕು, ಒಂದೆರಡು ತಿಂಗಳು ಕೊರಡು ಬಿಚ್ಚಿಡಬೇಕಾಗುತ್ತದೆ ಎಂದೆ. ಆತ ಗುಡ್ಡದ ಕಡೆ ನೋಡಿದ, ನಾಯಿಯ ಕಡೆ ನೋಡಿದ, ‘ಆ ಎರಡು ತಿಂಗ್ಳು ಇದನ್ನ ಹಿಡಕೊಂಡು ಕುಂದರಾಕ ನೀವ ಬರ್ತೀರೇನ್ರೀ?’ ಎಂದು ಕೇಳಿ ಕುರಿಗಳ ಹಿಂದೆ ಹೋದ. ಫೋನ್ ನಂಬರ್ ಇದೆ, ಇನ್ನೂ ಮಾತುಕತೆ ನಡೆಯುತ್ತಿದೆ.